ಗಾಜಿನ ಮೇಲಿನ ಎರೆಮಣ್ಣು

"ಈ ಚಿತ್ರಗಳಾಗ ರಾಕ್ಷಸನೊಬ್ಬನೇ ನನ್ನ ಬಣ್ಣದಾಗ ಅದಾನ," ಎಂದಳು ಗಾದಿಲಿಂಗಮ್ಮ. ದನಿ ಏರಿಸಲಿಲ್ಲ. ಉರುಕುಂದಪ್ಪನಿಗೆ ಅದೇ ಹೆಚ್ಚು ನಾಟಿತು.

ಆದವಾನಿಗೆ ಇನ್ನೂ ಟಿ.ವಿ. ಬಂದಿರದ ದಿನಗಳು. ಟಾಕೀಸಿನಲ್ಲಿ ಇಂಟರ್‌ವೆಲ್ಲಿಗೆ ತೋರಿಸುವ ಸೋಪು, ಸೀರೆಯ ಜಾಹೀರಾತುಗಳನ್ನು ಅಂಗೈಯಗಲದ ಗಾಜಿನ ಸ್ಲೈಡುಗಳ ಮೇಲೆ ಬರೆಯುವವನು ಉರುಕುಂದಪ್ಪ. ಗಾದಿಲಿಂಗಮ್ಮ ಹೆಣ್ಣುಮಕ್ಕಳ ಶಾಲೆಯ ಟೀಚರು, ಗೋನೆಗಂಡ್ಲದ ಕುರಿಗಾರರ ಮನೆಯಿಂದ ಓದಿ ಬಂದವಳು. ಮೋಡಗಳನ್ನು ಕುರಿಗಳಂತೆ ಮೇಯಿಸುವ ರಾಜಕುಮಾರಿಯ ಕಥೆ ಬರೆದು ಪುಸ್ತಕ ಮಾಡಿದ್ದಳು. ಅದನ್ನು ಶಾಲೆಯ ಹುಡುಗಿಯರಿಗೆ ಪರದೆಯ ಮೇಲೆ ತೋರಿಸೋಣ, ಚಿತ್ರ ನಾನು ಬರೀತೀನಿ ಎಂದವನು ಅವನೇ. ಆ ನೆಪದಲ್ಲಿ ಟಾಕೀಸಿನ ಹಿಂದಿನ ಕೋಣೆಯಲ್ಲಿ ಇಬ್ಬರೂ ದಿನಾ ಚಹಾ ಕುಡಿದಿದ್ದರು. ಅವಳು ಬರುವ ಹೊತ್ತಿಗೆ ಸ್ಟೂಲು ಬಿಸಿಲಿನಿಂದ ನೆರಳಿಗೆ ಸರಿದಿರುತ್ತಿತ್ತು. ಸರಿಸಿದವರು ಯಾರೆಂದು ಅವಳು ಕೇಳಿರಲಿಲ್ಲ.

ಕಥೆಯ ರಾಜಕುಮಾರಿ ಮೊದಲ ಮಳೆಗೆ ನೆಂದ ಎರೆಹೊಲದ ಕಪ್ಪು ಬಣ್ಣದವಳು. ಸ್ಲೈಡಿನಲ್ಲಿದ್ದವಳು ಗುಲಾಬಿ ಕೆನ್ನೆಯ ಬಿಳಿ ಹುಡುಗಿ.

ಅವನು ಕಾರಣ ಹೇಳಿದ. ಕಪ್ಪು ಬಣ್ಣದೊಳಗೆ ಲೈಟು ಹಾಯುವುದಿಲ್ಲ. ಪರದೆಯ ಮೇಲೆ ಮುಖದ ಜಾಗದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ರಾಕ್ಷಸನಿಗಾದರೆ ನಡೆಯುತ್ತದೆ.

ಪುಸ್ತಕ ಓದಿದಾಗಿನಿಂದ ಕ್ಲಾಸಿನ ಹುಡುಗಿಯೊಬ್ಬಳು ಪೌಡರು ಮೆತ್ತಿಕೊಂಡು ಬರುವುದನ್ನು ಬಿಟ್ಟಿದ್ದಾಳೆ, ಭಾನುವಾರ ಈ ಚಿತ್ರ ತೋರಿಸಿ ಅವಳಿಗೆ ಏನು ಹೇಳಲಿ ಎಂದಳು ಗಾದಿಲಿಂಗಮ್ಮ. ಆಮೇಲೆ ನಿಧಾನವಾಗಿ ಕೇಳಿದಳು:

"ಲೈಟಿನ ಮಾತು ಬಿಡ್ರಿ. ನಿಮ್ಮ ಕಣ್ಣಿಗೆ ಈ ಬಣ್ಣ ಚೆಂದ ಕಾಣಂಗಿಲ್ಲೇನು?"

ಅವನು ಬಹಳ ಹೊತ್ತು ಬ್ರಷ್ಷು ತೊಳೆದ.

"ಕಾಣ್ತೈತ್ರಿ. ಇಷ್ಟು ದಿನ ಅದನ್ನೇ ನೋಡಾಕತ್ತೀನಿ. ಆದರ ಈ ಕೈ ಸೋಪಿನ ಜಾಹೀರಾತಿನಾಗ ಕಲ್ತದ್ದು. ಚೆಲುವಿ ಅಂದ ಕೂಡ್ಲೇ ತಾನೇ ಗುಲಾಬಿ ಡಬ್ಬಿಗೆ ಹೋಗ್ತೈತಿ."

"ಹಂಗಾದ್ರ ಕೈಗೆ ಮತ್ತ ಪಾಠ ಆಗಲಿ. ಟೀಚರು ಎದುರಿಗೇ ಅದಾಳ."

ಬಳೆ ಮೇಲೇರಿಸಿ, ಗಾಜಿನ ಪಕ್ಕದಲ್ಲಿ ಕೈಯಿಟ್ಟಳು. ಅವನು ಗುಲಾಬಿ ಒರೆಸಿ, ನೀರಿನಷ್ಟು ತೆಳುವಾದ ಕಂದು ಬಳಿದು ಒಣಗಿಸಿದ. ಅದರ ಮೇಲೆ ಮತ್ತೊಂದು ಪದರ, ಚೂರು ನೀಲಿ, ಮತ್ತೊಂದು. ಸುತ್ತಲಿನ ಆಕಾಶಕ್ಕೆ ಬಣ್ಣ ಹಚ್ಚದೆ, ಬೆಳಕು ಹಾಯಲೆಂದು ಗಾಜನ್ನು ಬರಿದೇ ಬಿಟ್ಟ. ಅವಳ ಕೈಯನ್ನು ಒಮ್ಮೆಯೂ ಮುಟ್ಟಲಿಲ್ಲ. ಅವಳು ಅದನ್ನೂ ಗಮನಿಸಿದಳು.

"ಪೇಂಟರಪ್ಪ, ಗಾಜು ನೋಡ್ರಿ, ನನ್ನ ಮಾರಿ ಅಲ್ಲ."

"ಗಾಜಿಗೆ ಏನು ಹಚ್ಚಬೇಕಂತ ನೋಡಾಕತ್ತೀನ್ರಿ," ಎಂದ ಅವನು, ನೋಟ ತೆಗೆಯದೆ.

ಭಾನುವಾರ ಟಾಕೀಸಿನಲ್ಲಿ ಶಾಲೆಯ ಇನ್ನೊಬ್ಬ ಟೀಚರು ಅನ್ನಪೂರ್ಣಾಬಾಯಿ ಮೈಕಿನಲ್ಲಿ ಕಥೆ ಓದಿದರು. ಗಾದಿಲಿಂಗಮ್ಮ ಮೇಲಿನ ಪ್ರೊಜೆಕ್ಟರ್ ಕೋಣೆಯಲ್ಲಿ ಉರುಕುಂದಪ್ಪನ ಪಕ್ಕ ನಿಂತಿದ್ದಳು. ಪರದೆಯ ಮೇಲೆ ರಾಜಕುಮಾರಿ ಮೂಡಿದಳು. ಕಪ್ಪು ಮುಖ, ಅದರೊಳಗಿಂದಲೇ ಬೆಳಕು. ಹುಡುಗಿಯರ ಗಲಾಟೆ ತಾನಾಗಿ ನಿಂತಿತು. ಚಿತ್ರ ತೆಗೀಬೇಡ್ರಿ ಎಂದು ಕೆಳಗಿನಿಂದ ಯಾರೋ ಹುಡುಗಿ ಕೇಳಿಕೊಂಡಳು.

ದೀಪದ ಕಾವಿಗೆ ಬಣ್ಣ ಉಬ್ಬುತ್ತದೆ, ಬೇಗ ಬದಲಿಸು ಎಂದು ಟಾಕೀಸಿನ ಮ್ಯಾನೇಜರ್ ಸೇತುಮಾಧವರಾಯರು ಗೊಣಗಿದರು. ಅವನು ಬದಲಿಸಲಿಲ್ಲ. ಅಂಚಿನಲ್ಲಿ ಗುಳ್ಳೆ ಎದ್ದಾಗಲೇ ಗಾಜು ಎಳೆದು, ಬೆರಳು ಸುಟ್ಟುಕೊಂಡ.

ಅವಳು ಆ ಬೆರಳನ್ನು ನೀರಿನ ಲೋಟದೊಳಗೆ ಅದ್ದಿ ಹಿಡಿದಳು. "ಚಿತ್ರ ಹಾಳಾತಲ್ರಿ."

"ಮತ್ತ ಬರೀತೀನಿ. ಎಷ್ಟು ಸಲ ಆದ್ರೂ. ಆದರ ನೀವು ಎದುರಿಗೆ ಇರಬೇಕು, ಯಾವಾಗ್ಲೂ." ಅವಳತ್ತ ತಿರುಗಿ ಕೇಳಿದ, "ಗೋನೆಗಂಡ್ಲಕ್ಕ ಬಂದು ನಿಮ್ಮವ್ವನ್ನ ಕೇಳ್ಲೇನು?"

ಕೆಳಗೆ ಹುಡುಗಿಯರು ಮುಂದಿನ ಚಿತ್ರಕ್ಕಾಗಿ ಬೆಂಚು ಬಡಿಯುತ್ತಿದ್ದರು.

"ಮಧ್ಯಾಹ್ನದ ಬಸ್ಸಿಗೆ ಬರ್ರಿ," ಎಂದಳು ಗಾದಿಲಿಂಗಮ್ಮ, ಬೆರಳು ಬಿಡದೆ. "ಅವ್ವ ಮನಿಯಾಗೇ ಇರ್ತಾಳ."