ಹಿಮದಜ್ಜಿಯ ಮುಂದೆ ಖಾಲಿ ಹಡಗು

ಹಡಗು ಸಿಕ್ಕಿತು. ಸೈಲಾಸ್ ಸಿಗಲಿಲ್ಲ.

ಬೆಳಿಗ್ಗೆ ಸೀಲ್ ಬೇಟೆಗೆ ಹೋಗಿದ್ದವರು ವೈರ್‌ಲೆಸ್ಸಿನಲ್ಲಿ ಹೇಳಿದ್ದು ಇಷ್ಟೇ — 'ಕಿಟಿವೇಕ್' ಹಿಮನದಿಯ ಗೋಡೆಯ ಮುಂದೆ ತೇಲುತ್ತಿದೆ, ಎಂಜಿನ್ ಆರಿದೆ, ಮೇಲೆ ನರಪಿಳ್ಳೆಯಿಲ್ಲ. ಸೈಲಾಸ್ ಆ ಹಡಗಿನ ಕಪ್ತಾನ, ನಾನು ಅಡುಗೆಯವನು, ಅರ್ವಿನ್. ಹುಟ್ಟು ಪುಕ್ಕಲ. ಅಲಾಸ್ಕಾದ ಈ ಕರಾವಳಿಯಲ್ಲಿ ಮುದುಕರಾಗುವವರೆಗೆ ಬದುಕುವುದು ಪುಕ್ಕಲರೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದವನು. ಸುದ್ದಿ ಕೇಳಿ ಕೈಯಲ್ಲಿದ್ದ ಕಾಫಿ ಅರ್ಧ ಅಂಗಿಯ ಮೇಲಾಯಿತು.

"ದೋಣಿ ಹತ್ತು," ಎಂದಳು ವರ್ನಾ. ನಮ್ಮ ಡ್ರಿಫ್ಟ್ ಹಾರ್ಬರಿಗೆ ಪೊಲೀಸ್ ಎಂದರೆ ಅವಳೊಬ್ಬಳೇ. ನನ್ನ ಜೊತೆ ಶಾಲೆಗೆ ಬಂದವಳು, ಆಗಲೂ ನನ್ನನ್ನು ಹೀಗೇ ಗದರುತ್ತಿದ್ದಳು.

"ನಾನ್ಯಾಕೆ?"

"ಆ ಹಡಗಲ್ಲಿ ಯಾವ ಚಮಚ ಎಲ್ಲಿರತ್ತೆ ಅಂತ ನಿನಗೇ ತಾನೆ ಗೊತ್ತಿರೋದು? ನಡಿ."

ಹಿಮನದಿಯನ್ನು ನಾವು, ಈ ಕರಾವಳಿಯ ಮೂಲನಿವಾಸಿ ಟ್ಲಿಂಗಿಟ್ ಜನ, ಅಜ್ಜಿ ಎನ್ನುತ್ತೇವೆ. ಅವಳ ಮುಂದೆ ಯಾರೂ ದನಿ ಎತ್ತುವುದಿಲ್ಲ. ಚರ್ಚಿಗೆ ಹೋಗುವವರೂ ಎತ್ತುವುದಿಲ್ಲ. ಆ ದಿನ ನೀಲಿ ಗೋಡೆಯ ಬುಡವನ್ನು ನೀರು ಕೊರೆದುಹಾಕಿತ್ತು, ತಲೆ ಮುಂದಕ್ಕೆ ಬಾಗಿತ್ತು. ಒಳಗೆಲ್ಲೋ ಗುಡುಗಿದ ಸದ್ದು ಕೇಳಿದಾಗ ನಾನು ದೋಣಿಯ ತಳದಲ್ಲಿ ಕೂತುಬಿಟ್ಟೆ.

ಕಿಟಿವೇಕ್‌ನ ಡೆಕ್ಕಿನ ಮೇಲೆ ಮಂಜುಗಡ್ಡೆಯ ಚೂರುಗಳು ಬಿದ್ದಿದ್ದವು. ಗೋಡೆ ಕುಸಿದು ಅಲೆ ಎದ್ದಿದೆ, ಮುದುಕನನ್ನು ಎಳೆದುಕೊಂಡು ಹೋಗಿದೆ — ನೋಡಿದವರು ಯಾರಾದರೂ ಹಾಗೇ ಹೇಳುತ್ತಿದ್ದರು. ಆ ನೀರಿನಲ್ಲಿ ಮನುಷ್ಯ ಒಂದು ಹಾಡು ಮುಗಿಯುವಷ್ಟು ಹೊತ್ತೂ ಬದುಕುವುದಿಲ್ಲ. ಸೈಲಾಸ್ ನನಗೆ ಅಣ್ಣನ ಹಾಗೆ. ನಾನು ಅಳಲು ಶುರು ಮಾಡಿದೆ.

"ಆಮೇಲೆ ಅಳು," ಎಂದಳು ವರ್ನಾ ಪಿಸುದನಿಯಲ್ಲಿ. "ಅಡುಗೆ ಕೋಣೆ ನೋಡು. ಏನಿಲ್ಲ ಹೇಳು."

ಲೋಟಗಳು ಕೊಕ್ಕೆಯಲ್ಲಿ ನೇತಾಡುತ್ತಿದ್ದವು. ಉಪ್ಪಿನ ಬಟ್ಟಲು ಕೂಡ ಅಲ್ಲಾಡಿರಲಿಲ್ಲ. ಬಾಣಲೆಯನ್ನು ಯಾರೋ ಮರಳು ಹಾಕಿ ಉಜ್ಜಿ ಫಳಫಳ ಮಾಡಿಟ್ಟಿದ್ದರು.

"ಹಂದಿಕೊಬ್ಬಿನ ಡಬ್ಬಿ ಕಾಣ್ತಿಲ್ಲ," ಎಂದೆ ಮೂಗೊರೆಸಿಕೊಳ್ಳುತ್ತ. "ನಿನ್ನೆ ಬೆಳಿಗ್ಗೆ ಸೈಲಾಸ್ ಮನೆ ಬಾಗಿಲಿಗೇ ಬಂದು ಕೇಳಿ ಇಸ್ಕೊಂಡು ಹೋದ. ಹೊಸಾ ಡಬ್ಬಿ."

"ಅಲೆಗೆ ಹೋಗಿರಬೇಕು."

"ಉಪ್ಪು ಬಿಟ್ಟು ಡಬ್ಬಿ ಒಂದನ್ನೇ ಹೊತ್ಕೊಂಡು ಹೋಗೋ ಅಲೆ ಯಾವುದೇ ಅದು?"

ಅವಳು ಹಡಗಿನ ಮುಂಭಾಗಕ್ಕೆ ಹೋಗಿ ಲಂಗರಿನ ಹಗ್ಗವನ್ನು ಬೆರಳಿನಿಂದ ಸವರಿದಳು, ಏನನ್ನೋ ಉಗುರಿನಿಂದ ಕೆರೆದು ನಾಲಿಗೆಗಿಟ್ಟಳು. ಆ ಹೊತ್ತಿನಲ್ಲಿ ರುಚಿ ನೋಡುವ ಹೆಂಗಸನ್ನು ಕಂಡು ನನಗೆ ಇನ್ನಷ್ಟು ಭಯವಾಯಿತು.

ಹಡಗನ್ನು ಊರಿಗೆ ತಂದೆವು. ಇದ್ದಬದ್ದ ದೋಣಿಗಳೆಲ್ಲ ಹಿಮನದಿಯ ಕೊಲ್ಲಿಗೆ ಹುಡುಕಲು ಹೋದವು. ಬೆಟ್ಟದ ಮೇಲೆ ಮಂಜು ಕವಿದು ವಿಮಾನ ಬರುವ ಹಾಗಿರಲಿಲ್ಲ. ಹಾರ್ಬರಿನ ಕಟ್ಟೆಯ ಮೇಲೆ ನಿಂತ ಜನರ ಬಾಯಲ್ಲಿ ಒಂದೇ ಹೆಸರು — ಪ್ರೆಸ್ಕಾಟ್.

ಅದಕ್ಕೆ ಕಾರಣವೂ ಇತ್ತು. ಬೇಸಿಗೆಯ ಮೊದಲ ವಿಹಾರಯಾನದ ಮಾರ್ಗ ಗೊತ್ತು ಮಾಡಲು ಮೊನ್ನೆ ಊರಿನ ಸಭಾಂಗಣದಲ್ಲಿ ಸೇರಿದ್ದೆವು. ಪ್ರೆಸ್ಕಾಟ್ ಸಿಯಾಟಲ್‌ನವನು, ಪ್ರವಾಸಿಗರನ್ನು ಕರೆತರುವ ಪಾಲುದಾರ. ನಕ್ಷೆ ಹರಡಿ, ಹಡಗು ಹಿಮದ ಗೋಡೆಯ ಬುಡಕ್ಕೇ ಹೋಗಬೇಕು ಎಂದ. ಅಲ್ಲೇ ಡೆಕ್ಕಿನ ಮೇಲೆ ಒಲೆಯಿಟ್ಟು ಹಂದಿಮಾಂಸ ಚುರುಗುಟ್ಟಿಸಿ ನಾಷ್ಟಾ ಕೊಡೋಣ, ಫೋಟೋ ಎಷ್ಟು ಚೆನ್ನಾಗಿ ಬರುತ್ತದೆ ಎಂದ. ಅಜ್ಜಿಯ ಮೂಗಿಗೆ ಕಾದ ಕೊಬ್ಬಿನ ವಾಸನೆ ತಗುಲಬಾರದು. ತಗುಲಿದರೆ ಅವಳು ಕೆರಳಿ ಮೈಮೇಲೆ ಬೀಳುತ್ತಾಳೆ. ಇದು ನಮ್ಮ ಹಾಲುಗೂಸಿಗೂ ಗೊತ್ತು. ಅವಳ ಕೊಲ್ಲಿಗೆ ಹೋಗುವ ದಿನ ಕೊಬ್ಬಿನ ಡಬ್ಬಿ ಮನೆಯಲ್ಲೇ ಉಳಿಯುತ್ತದೆ, ಹಡಗಿನಲ್ಲಿ ನಾನು ಬರೀ ಬೇಯಿಸಿದ ಮೀನು ಬಡಿಸುತ್ತೇನೆ.

"ಈ ವರ್ಷ ಅವಳ ಕೊಲ್ಲಿಯೊಳಗೆ ಕಾಲಿಡೋದೇ ಬೇಡ," ಎಂದಿದ್ದ ಸೈಲಾಸ್. "ಗೋಡೆ ಬಾಗಿದೆ. ಕೊಲ್ಲಿ ಬಾಯಲ್ಲೇ ನಿಂತು ದೂರದಿಂದ ತೋರಿಸಿ ಕರ್ಕೊಂಡು ಬರ್ತೀನಿ. ನಾನು ಚುಕ್ಕಾಣಿ ಹಿಡಿದಿರೋವರೆಗೂ ಇಷ್ಟೇ."

"ನೀವು ಇನ್ನೆಷ್ಟು ದಿನ ಹಿಡೀತೀರಿ, ತಾತ?" ಎಂದು ಪ್ರೆಸ್ಕಾಟ್ ನಕ್ಕಿದ್ದ. ಆ ನಗು ಈಗ ಅವನ ಕುತ್ತಿಗೆಗೆ ಬಂದಿತ್ತು.

ವರ್ನಾ ಅವನನ್ನು ನನ್ನ ಮನೆಯ ಅಡುಗೆಮನೆಯಲ್ಲಿ ಕೂರಿಸಿದಳು. ಹೊರಗೆ ಜನ ಕಿಟಕಿಗೆ ಮುಖ ಒತ್ತಿ ನಿಂತಿದ್ದರು. ಪ್ರೆಸ್ಕಾಟ್‌ನ ತುಟಿ ಬಿಳುಚಿಕೊಂಡಿತ್ತು.

"ನಿನ್ನೆ ಎಲ್ಲಿದ್ರಿ?"

"ನನ್ನ ರಬ್ಬರ್ ದೋಣಿಯಲ್ಲಿ ಫೋಟೋ ತೆಗೆಯೋಕೆ ಹೋಗಿದ್ದೆ. ಒಬ್ಬನೇ."

"ಎಲ್ಲಿಗೆ?"

"...ಹಿಮನದಿ ಹತ್ತಿರ. ನೋಡಿ, ಸುಳ್ಳು ಹೇಳಲ್ಲ. ಆದರೆ ಅಲ್ಲಿ ಹಡಗು ಇರಲಿಲ್ಲ. ಮಧ್ಯಾಹ್ನದವರೆಗೂ ಇದ್ದೆ, ಇರಲೇ ಇಲ್ಲ."

"ಹೊಟ್ಟೆಗೇನು ತಿಂದ್ರಿ?"

ಅವನು ಕಣ್ಣು ಪಿಳುಕಿಸಿದ. "ಏನು?"

"ಬೆಳಗಿಂದ ಮಧ್ಯಾಹ್ನದವರೆಗೆ. ಏನು ತಿಂದ್ರಿ?"

"ಮೊಟ್ಟೆ, ಹಂದಿಮಾಂಸ. ಚಿಕ್ಕ ಗ್ಯಾಸ್ ಒಲೆ ಇಟ್ಕೊಂಡಿರ್ತೀನಿ, ದಡದಲ್ಲೇ ಹುರ್ಕೊಂಡೆ."

ಕಿಟಕಿಯಾಚೆ ಒಬ್ಬ ಮುದುಕಿ ಎದೆ ಹಿಡಿದುಕೊಂಡಳು. "ಇವನೇ ಕಣೇ, ಇವನೇ ಅವಳನ್ನ ಕೆರಳಿಸಿದ್ದು," ಎಂದು ಯಾರೋ ಅಂದರು. ಬಾಗಿಲು ದಬದಬ ಬಡಿಯತೊಡಗಿದರು. ಈಗ ನನ್ನ ಕಣ್ಣೆದುರೇ ಇನ್ನೊಂದು ಹೆಣ ಬೀಳುತ್ತದೆ ಎನಿಸಿ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಧೈರ್ಯದಿಂದಲ್ಲ. ಓಡಲು ಬೇರೆ ಬಾಗಿಲಿರಲಿಲ್ಲ.

ವರ್ನಾ ಮಾತ್ರ ನಿಟ್ಟುಸಿರು ಬಿಟ್ಟಳು, ಅವಳಿಗೆ ಬೇಕಾದ್ದು ಸಿಕ್ಕಿದ ಹಾಗಿತ್ತು. "ಟ್ರೆಂಟ್‌ನ ಕರೆಸಿ," ಎಂದಳು.

ಟ್ರೆಂಟ್ ಸೈಲಾಸನ ಅಕ್ಕನ ಮಗ. ನಮ್ಮಲ್ಲಿ ಮನೆತನ ತಾಯಿಯ ಕಡೆಯಿಂದ ಇಳಿಯುತ್ತದೆ, ಸೋದರಮಾವ ಕಲಿಸಿದ ವಿದ್ಯೆ ಅಳಿಯನಿಗೆ. ಮಾವನ ಹಡಗಿನಲ್ಲೇ ಬೆಳೆದ ಹುಡುಗ, ಈಗ ಮೂವತ್ತು ದಾಟಿದ ಗಂಡಸು. ಬೆಳಗಿನಿಂದ ಕೊಲ್ಲಿಯಲ್ಲಿ ಹುಡುಕಿ ಹುಡುಕಿ ಕಣ್ಣು ಕೆಂಪಾಗಿತ್ತು. ಅವನಿಗೆ ಒಂದು ಲೋಟ ಬಿಸಿ ಸೂಪು ಕೊಟ್ಟೆ. ಅವನು ಮುಟ್ಟಲಿಲ್ಲ.

"ನಿನ್ನೆ ಎಲ್ಲಿದ್ದೆ, ಮಗಾ?" ಎಂದಳು ವರ್ನಾ.

"ಏಡಿ ಬುಟ್ಟಿ ಎತ್ತೋಕೆ ಹೋಗಿದ್ದೆ, ಆಂಟಿ."

"ಮಾವ ಎಲ್ಲಿಗೆ ಹೊರಟಿದ್ರು?"

"ಹಿಮದ ಗೋಡೆ ಇನ್ನೊಂದ್ಸಲ ನೋಡ್ಕೊಂಡು ಬರ್ತೀನಿ ಅಂದ್ರು. ಮಾರ್ಗ ಗೊತ್ತು ಮಾಡೋಕೆ."

"ಹೆರಿಂಗ್ ಮೀನು ಮೊಟ್ಟೆ ಇಡೋ ಕಾಲ ಇದು. ಮೊಟ್ಟೆ ಅಂಟ್ಕೊಳ್ಲಿ ಅಂತ ಮಾವ ಹೆಮ್ಲಾಕ್ ಮರದ ರೆಂಬೆ ನೀರಲ್ಲಿ ಇಳಿಬಿಟ್ಟಿದ್ದಾರಾ ಈ ಸಲ?"

ಟ್ರೆಂಟ್ ಕಿಟಕಿಯ ಕಡೆ ನೋಡಿದ. "ಇಲ್ಲ ಅನ್ಸತ್ತೆ."

"ಎಲ್ಲಿ ಇಳಿಬಿಡ್ತಾರೆ ಅವರು?"

"ಅದು... ಮನೆತನದ ಜಾಗ. ಹೊರಗಡೆ ಹೇಳಂಗಿಲ್ಲ."

"ಸರಿ. ನಿನಗೆ ಗೊತ್ತು, ಮಾವನಿಗೆ ಗೊತ್ತು. ಮತ್ಯಾರಿಗೂ ಗೊತ್ತಿಲ್ಲ. ಅಲ್ವಾ?"

ಅವನು ಹೌದೆಂದು ತಲೆಯಾಡಿಸಿದ. ವರ್ನಾ ಅಂಗಿಯ ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲೆ ಸುರಿದಳು. ಸಾಬಕ್ಕಿಗಿಂತ ಸಣ್ಣ, ಹೊಳೆಯುವ ಕಾಳುಗಳು.

"ಹೆರಿಂಗ್ ಮೊಟ್ಟೆ," ಎಂದಳು. "ಕಿಟಿವೇಕ್‌ನ ಲಂಗರಿನ ಹಗ್ಗಕ್ಕೆ ಅಂಟಿತ್ತು. ಬಾಯಿಗೆ ಹಾಕ್ಕೊಂಡೆ, ಹಸಿಯಾಗೇ ಇತ್ತು. ಅಜ್ಜಿಯ ಕೊಲ್ಲಿಯ ನೀರು ಸುಣ್ಣ ಕದಡಿದ ಹಾಗಿರತ್ತೆ. ಅಲ್ಲಿ ಹೆರಿಂಗ್ ಮೊಟ್ಟೆ ಇಡಲ್ಲ. ಅಂದ್ರೆ ಹಡಗು ನಿನ್ನೆ ಲಂಗರು ಹಾಕಿದ್ದು ಬೇರೆ ಕಡೆ, ತಿಳಿನೀರಲ್ಲಿ."

"ಅಲ್ಲಿಂದ ಆಮೇಲೆ ಹಿಮ ನೋಡೋಕೆ ಹೋಗಿರಬಹುದು, ಆಂಟಿ."

"ಸೈಲಾಸ್? ಕೊಬ್ಬಿನ ಡಬ್ಬಿ ಇಟ್ಕೊಂಡು? ಅಜ್ಜಿ ಕಡೆ ಹೋಗೋ ದಿನ ಅವನು ಆ ಡಬ್ಬಿನ ಹಡಗಿಗೆ ಹತ್ತಿಸೋನೇ ಅಲ್ಲ. ನಿನ್ನೆ ಅರ್ವಿನ್ ಹತ್ರ ಕೇಳಿ ಇಸ್ಕೊಂಡ, ಮೀನಿನ ಮೊಟ್ಟೆ ಹುರ್ಕೊಂಡು ತಿನ್ನೋಕೆ. ಅಜ್ಜಿ ಹತ್ರ ಹೋಗೋ ಯೋಚನೆನೇ ಅವನಿಗಿರಲಿಲ್ಲ. ಹಾಗಾದ್ರೆ ಹಡಗನ್ನ ಅಲ್ಲಿಗೆ ಕೊಂಡೋದೋರು ಯಾರು?"

"ಇವನೇ," ಎಂದ ಟ್ರೆಂಟ್, ಪ್ರೆಸ್ಕಾಟ್‌ನ ಕಡೆ ಕೈ ತೋರಿಸಿ.

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದಳು ವರ್ನಾ. "ಆದರೆ ಈ ಮಹಾರಾಯ ಅಜ್ಜಿಯ ಕಾಲಬುಡದಲ್ಲಿ ಕೂತು ಹಂದಿಮಾಂಸ ಹುರ್ದು ತಿಂದೋನು. ತಿಂದೆ ಅಂತ ನಮ್ಮೆದುರಿಗೇ ಹೇಳ್ತಾನೆ. ಇವನು ಹಡಗು ಕೊಂಡೋಗಿದ್ರೆ ಡಬ್ಬಿ ಇದ್ದಲ್ಲೇ ಇರ್ತಿತ್ತು, ಬಾಣಲೆ ಜಿಡ್ಡಾಗೇ ಇರ್ತಿತ್ತು. ಹಡಗು ಕೊಂಡೋದೋನು ಡಬ್ಬಿನ ಮೊದಲು ದಡಕ್ಕಿಳಿಸಿದ. ಬಾಣಲೆನ ಮರಳು ಹಾಕಿ ಉಜ್ಜಿದ. ಕೈಯಲ್ಲಿ ಅಷ್ಟು ದೊಡ್ಡ ಪಾಪ ಇಟ್ಕೊಂಡೂ ಅವಳ ಮೂಗಿಗೆ ಹೆದರಿದ. ಹಾಗೆ ಹೆದರೋರು ನಮ್ಮೋರೇ, ಟ್ರೆಂಟ್. ಮಾವ ಲಂಗರು ಹಾಕೋ ಜಾಗ ಗೊತ್ತಿರೋ ನಮ್ಮೋನು ಒಬ್ಬನೇ."

ಬಾಗಿಲು ಬಡಿಯುವುದು ನಿಂತಿತ್ತು. ಇದನ್ನು ಮಾಡಿದವನು ಹೊರಗಿನವನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಮನಸಾರೆ ಬಯಸಿದೆ, ಅದನ್ನು ಮುಚ್ಚಿಡುವುದಿಲ್ಲ.

ಟ್ರೆಂಟ್ ಮೇಜಿನ ಮೇಲೆ ತಲೆಯಿಟ್ಟ. "ಗೋಡೆ ಹತ್ರ ಹಡಗು ನಾನು ಓಡಿಸ್ತೀನಿ ಅಂತ ಪ್ರೆಸ್ಕಾಟ್‌ಗೆ ಮಾತು ಕೊಟ್ಟಿದ್ದೆ. ಮಾವನಿಗೆ ಗೊತ್ತಾಯ್ತು. ರೆಂಬೆ ಇಳಿಬಿಡೋ ಜಾಗಕ್ಕೇ ಕೇಳ್ಕೊಳೋಕೆ ಹೋದೆ. ಚುಕ್ಕಾಣಿ ನಿನಗೆ ಯಾವತ್ತೂ ಕೊಡಲ್ಲ ಅಂದ್ರು. ತಳ್ಳಿದೆ, ಅಷ್ಟೇ. ಪಾಚಿ ಮೇಲೆ ಜಾರಿದ್ರು. ತಲೆ ಕಲ್ಲಿಗೆ... ರಕ್ತ. ಮಿಸುಕಲಿಲ್ಲ."

"ಉಸಿರು ನೋಡಿದ್ಯಾ?"

ಅವನು ಮುಖವನ್ನು ತೋಳಿನಲ್ಲಿ ಹುದುಗಿಸಿದ.

"ಟ್ರೆಂಟ್. ಉಸಿರಿತ್ತಾ ನೋಡಿದ್ಯಾ?"

"ಹೆದರಿಕೆ ಆಯ್ತು, ಆಂಟಿ. ಮುಖ ನೋಡೋಕಾಗಲಿಲ್ಲ. ಟಾರ್ಪಾಲು ಹೊದಿಸಿಬಿಟ್ಟು ಓಡಿಬಂದೆ. ನನ್ನ ದೋಣಿನ ಹಡಗಿನ ಹಿಂದೆ ಕಟ್ಕೊಂಡು ಹೋಗಿ, ಹಡಗು ಅಲ್ಲಿ ಬಿಟ್ಟು, ದೋಣಿಯಲ್ಲಿ ವಾಪಸ್ ಬಂದೆ."

ವರ್ನಾ ಆಗಲೇ ಎದ್ದಿದ್ದಳು. ಊರಿಗೆ ಊರೇ ಬೆಳಗಿನಿಂದ ತಪ್ಪು ನೀರಿನಲ್ಲಿ ಹುಡುಕುತ್ತಿತ್ತು. ಒಬ್ಬ ಮನುಷ್ಯ ಬದುಕಿದ್ದರೆ ಎಲ್ಲೋ ಬಂಡೆಯ ಮೇಲೆ ಚಳಿಗೆ ಹೆಪ್ಪುಗಟ್ಟುತ್ತಿದ್ದ.

"ದಾರಿ ತೋರಿಸು," ಎಂದಳು.

ದ್ವೀಪಗಳ ಸಂದಿಯ ಆ ಕೊಲ್ಲಿಗೆ ಹೋಗುವಷ್ಟು ಹೊತ್ತೂ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ದಡದಲ್ಲಿ ದೋಣಿ ತಗುಲಿದಾಗ ತೆರೆದೆ. ರೆಂಬೆಗಳು ನೀರಿನಲ್ಲಿ ಮೊಟ್ಟೆ ಕಚ್ಚಿ ಬೆಳ್ಳಗಿದ್ದವು. ಬಂಡೆಯ ಮೇಲೆ ರಕ್ತದ ಕಲೆಯಿತ್ತು, ಸೈಲಾಸ್ ಇರಲಿಲ್ಲ. ಟಾರ್ಪಾಲೂ ಇರಲಿಲ್ಲ.

"ಸೈಲಾಸ್," ಎಂದು ಕರೆದೆ.

"ಯಾಕೋ ಕುರಿ ಥರ ಅರಚ್ತೀಯ?" ಎಂದಿತು ಮರದ ಬುಡ.

ಬಿದ್ದಾಗ ಮುರಿದ ಕಾಲನ್ನು ಎಳೆದುಕೊಂಡು ಸೈಲಾಸ್ ಅಲ್ಲಿಯವರೆಗೆ ತೆವಳಿದ್ದ. ಟಾರ್ಪಾಲು ಮೈತುಂಬ ಸುತ್ತಿಕೊಂಡಿದ್ದ. ತಲೆಯ ಗಾಯ ಕಪ್ಪಗೆ ಒಣಗಿತ್ತು, ತುಟಿ ನೀಲಿಯಾಗಿತ್ತು, ಮಡಿಲಲ್ಲಿ ನನ್ನ ಡಬ್ಬಿ ಇತ್ತು.

"ಕೊಬ್ಬು ನೆಕ್ಕಿ ನೆಕ್ಕಿ ಮುಗಿಸಿಬಿಟ್ಟೆ," ಎಂದ. "ಬೈಬೇಡ."

ನಾನು ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ. ಟ್ರೆಂಟ್ ನೀರಿನ ಅಂಚಿನಲ್ಲೇ ಮಂಡಿಯೂರಿ ಕುಸಿದಿದ್ದ, ಹತ್ತಿರ ಬರುವ ಧೈರ್ಯ ಅವನಿಗಿರಲಿಲ್ಲ. ಸೈಲಾಸ್ ಅವನ ಕಡೆ ತಿರುಗಿದ.

"ನನ್ನ ಹಡಗೆಲ್ಲೋ?"

ಟ್ರೆಂಟ್ ಹೇಳಿದ. ಅಲೆ ಕೊಂಡೊಯ್ಯಿತು ಎಂದು ಊರು ನಂಬಲಿ ಅಂತ ಹಡಗನ್ನು ಗೋಡೆಯ ಮುಂದೆ ಬಿಟ್ಟು, ಮಂಜುಗಡ್ಡೆಯ ಚೂರುಗಳನ್ನು ತಾನೇ ಎತ್ತಿ ಡೆಕ್ಕಿಗೆ ಎಸೆದಿದ್ದನ್ನೂ ಹೇಳಿದ. ಆವರೆಗೆ ನೋವನ್ನು ತಡೆದುಕೊಂಡಿದ್ದ ಸೈಲಾಸನ ಮುಖದಲ್ಲಿ ಆಗ ಮೊದಲ ಸಲ ಹೆದರಿಕೆ ಕಂಡೆ.

"ನನ್ನ ತಳ್ಳಿದ್ದು ನಿನ್ನ ನನ್ನ ಮಧ್ಯೆ ಇರೋ ಮಾತು, ಅದನ್ನ ವರ್ನಾ ನೋಡ್ಕೋತಾಳೆ," ಎಂದ. "ಅಜ್ಜಿ ಮಾಡದೇ ಇರೋದನ್ನ ಅವಳ ತಲೆಗೆ ಯಾಕೋ ಕಟ್ದೆ? ಅವಳಿಗೆ ಕೇಳ್ಸಿರತ್ತೆ ಕಣೋ."

ಮಂಜು ಸರಿದ ಮೇಲೆ ವಿಮಾನ ಬಂದು ಸೈಲಾಸನನ್ನು ಆಸ್ಪತ್ರೆಗೆ ಕರೆದೊಯ್ದಿತು. ಟ್ರೆಂಟ್‌ನನ್ನು ದೊಡ್ಡ ಪೊಲೀಸರಿಗೆ ಒಪ್ಪಿಸುವ ಮೊದಲು ವರ್ನಾ ದೋಣಿಯನ್ನು ಅಜ್ಜಿಯ ಕೊಲ್ಲಿಗೆ ತಿರುಗಿಸಿದಳು. ಕಾನೂನಿನಲ್ಲಿ ಹಾಗೆ ಎಲ್ಲೂ ಬರೆದಿಲ್ಲ. ಯಾಕೆ ಎಂದು ನಾವ್ಯಾರೂ ಕೇಳಲಿಲ್ಲ.

ಬಾಗಿದ ಗೋಡೆಯಿಂದ ಸಾಕಷ್ಟು ದೂರದಲ್ಲಿ ಎಂಜಿನ್ ಆರಿಸಿದಳು. ಟ್ರೆಂಟ್ ಎದ್ದು ನಿಂತು ಟೋಪಿ ತೆಗೆದ.

"ಅಜ್ಜಿ," ಎಂದ, ಮೆಲ್ಲನೆ. "ನೀನಲ್ಲ. ನಾನು."

ನಾವು ಕಾದೆವು. ಹಿಮ ಒಳಗೊಳಗೇ ಒಮ್ಮೆ ಗುಡುಗಿ ಸುಮ್ಮನಾಯಿತು. ವರ್ನಾ ಎಂಜಿನ್ ಹಚ್ಚಿ, ಸದ್ದಾಗದ ಹಾಗೆ ನಿಧಾನವಾಗಿ ದೋಣಿಯನ್ನು ಹಿಂದಕ್ಕೆ ತಿರುಗಿಸಿದಳು.