ಮೂರನೇ ಫೇಡರ್

ಶಾಹಜಾದಬಿಯ ದನಿ ಮಾಯವಾಗಿತ್ತು.

ಯಮನೂರ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಒಗೆದ. ಎರಡು ದಿನ ಕೂತು ಹದ ಮಾಡಿದ ಹಾಡು. ನಿನ್ನೆ ಸಂಜೆ ಮುದುಕಿ ಎದುರಿಗೇ ಕೂತು ಹಾಡಿದಂತಿತ್ತು. ಈಗ ಕೀಬೋರ್ಡು, ಅವಳ ಶಿಷ್ಯೆ ಐಶ್ವರ್ಯಳ ದನಿ, ಅಷ್ಟೇ. ಮುದುಕಿಯ ದನಿ ಏರಿಳಿಸುವ, ಮಿಕ್ಸರಿನ ಮೂರನೇ ಫೇಡರನ್ನು ಯಾರೋ ಪೂರ್ತಿ ಕೆಳಕ್ಕೆ ಎಳೆದಿದ್ದರು.

ಕಾರಟಗಿಯ ಶಾಹಜಾದಬಿಯ ಮನೆಯ ಮುಂಗೋಣೆಯೇ ಅವನ ಸ್ಟುಡಿಯೋ. ದೊಡ್ಡ ಸ್ಟುಡಿಯೋದವರು ಕಂಪ್ಯೂಟರಿನ ದನಿಗಳನ್ನು ಹೊರಗೆ ತಂದು ಕೂಡಿಸಲು ದುಬಾರಿ ಪೆಟ್ಟಿಗೆ ಇಡುತ್ತಾರೆ. ಇವನು ಗಿಣಿಗೇರಾದ ಮೈಕ್‌ಸೆಟ್ಟಿನವನೊಬ್ಬ ಮೂಲೆಗೆಸೆದಿದ್ದ ಎಂಟು ಚಾನೆಲ್ಲಿನ ಮಿಕ್ಸರು ತಂದು, ತಾನೇ ಬೆಸುಗೆ ಹಾಕಿ, ಅದರಲ್ಲೇ ಕೂಡಿಸುತ್ತಿದ್ದ. ದನಿಗೆ ಮೈ ಬರುತ್ತಿತ್ತು. ಆದರೆ ಹದವೆಲ್ಲ ಕೈಯಲ್ಲೇ. ಬೆರಳು ತಗುಲಿತೋ, ಹೋಯಿತು.

ನಾಳೆ ಸಂಜೆಗೆ ಹಾಡು ಕೊಪ್ಪಳದ ಕಾರ್ಯಕ್ರಮಕ್ಕೆ ಹೋಗಬೇಕು.

ಅವನದು ಬಿಟ್ಟರೆ ಕೋಣೆಗೆ ಬೇರೆ ಕೀಲಿ ಇದ್ದದ್ದು ಎರಡೇ. ಒಂದು ಕೀಬೋರ್ಡು ನುಡಿಸುವ ಗೋವಿಂದರಾಜನ ಬಳಿ, ಇನ್ನೊಂದು ಮನೆಯ ಗೂಟಕ್ಕೆ.

"ಗೋವಿಂದಣ್ಣ, ನಿಮ್ಮ ಕೀಬೋರ್ಡ್ ಎದ್ದು ಕೇಳ್ಲಿ ಅಂತ ಮಾಡಿದ್ರೇನು?"

"ನನಗ ಬೇಕಂದ್ರ ನಂದು ಏರಸ್ತಿದ್ದೆ. ಆಕಿದ್ಯಾಕ ಇಳಸ್ಲಿ?"

ಮುದುಕಿಯ ಮಗ ಕಾಸೀಮಸಾಬ ಅಕ್ಕಿ ಗಿರಣಿಯ ಗುಮಾಸ್ತ. ತಾಯಿ ಹಾಡುವುದು ಅವನಿಗೆ ಹಿಡಿಸದು.

"ನನಗ ಬ್ಯಾಡಾಗಿದ್ರ ನಿನ್ನ ಕ್ವಾಣೀನ ಖಾಲಿ ಮಾಡಸ್ತಿದ್ದೆ," ಎಂದ.

ಯಮನೂರ ಹಲ್ಲು ಕಚ್ಚಿ ಮತ್ತೆ ಕೂತ. ಮಧ್ಯಾಹ್ನ ಮೂರನೇ ಚಾನೆಲ್ಲೇ ಕರಕರ ಎನ್ನತೊಡಗಿತು. ಮುನಿಸಿನಲ್ಲೇ ಗೋವಿಂದರಾಜ ಮುದುಕಿಯ ವೈರನ್ನು ಐದಕ್ಕೆ ಬದಲಿಸಿದ. ಮೂರರ ಕೆಳಗಿನ ಹೆಸರಿನ ಪಟ್ಟಿ ಕಿತ್ತು, ಐದರ ಕೆಳಗೆ ಅವಳ ಹೆಸರು ಬರೆದ. ಆ ಹೊತ್ತು ಅವಳು ಗಂಗಾವತಿಗೆ, ಮಗಳ ಮನೆಗೆ ಹೋಗಿದ್ದಳು; ಮರಳಿದ್ದು ರಾತ್ರಿ. ಸಂಜೆ ಯಮನೂರ ಮಿಕ್ಸರಿನ ಫೋಟೋ ತೆಗೆದು ಬಾಗಿಲು ಹಾಕಿದ.

*

ಬೆಳಿಗ್ಗೆ ಫೋಟೋ ಹಿಡಿದು ನೋಡಿದ. ಐದು ಇದ್ದಲ್ಲೇ ಇತ್ತು. ಈಗ ಯಾವ ದನಿಯೂ ಹಾಯದ ಮೂರು ಮಾತ್ರ ತಳ ಸೇರಿತ್ತು.

ಬೈಯಲು ತೆರೆದ ಬಾಯಿ ಮುಚ್ಚಿತು. ಎಲ್ಲರನ್ನೂ ಕರೆದ.

"ಗೋವಿಂದಣ್ಣ ಅಲ್ಲ. ವೈರ್ ಬದಲಿ ಮಾಡ್ದಾವ ಖಾಲಿ ಫೇಡರ್ ಎಳ್ಯಾಂಗಿಲ್ಲ. ಕಾಸೀಮಣ್ಣನೂ ಅಲ್ಲ. ತಾಯಿ ಹೆಸರು ಓದಿ ಐದನ್ನ ಹಿಡೀತಿದ್ರು. ಇದು ಓದಾಕ ಬರದವರ ಕೆಲಸ. ಮೂರು ಯಾರ್ದು ಅಂತ ಅವರಿಗೆ ನಾನ ತೋರ್ಸಿದ್ದೆ."

ಶಾಹಜಾದಬಿ ಸೆರಗು ಸರಿಮಾಡಿಕೊಂಡಳು.

"ಹೌದಪಾ. ನಾನ ಎಳದೀನಿ."

"ನಿಮ್ಮ ದನೀನ ನೀವ ಯಾಕಮ್ಮಾ?"

"ಮೊದ್ಲು ಕಂಪ್ಯೂಟರನ್ಯಾಗ ಛಲೋ ಇತ್ತು. ಈ ಪೆಟಗಿ ಬಂದ ಮ್ಯಾಲ ನನ್ನ ಎದಿ ಗೊರಗೊರ ಅನ್ನೂದೂ ಕೇಳಸ್ತೈತಿ. ನನ್ನ ದಮ್ಮು ಊರಿಗೆಲ್ಲಾ ಯಾಕ ಕೇಳಸ್ಬೇಕು? ಐಶ್ವರ್ಯ ಹಾಡ್ಲಿ."

"ನನಗ ಹೇಳ್ಬಾರ್ದಾಗಿತ್ತೇನ್ರಿ?"

"ಹೇಳಿದ್ದೆ. ಭಾಳ ಛಲೋ ಐತಿ ಬಿಡ್ರಿ ಅಂತ ನೀನ ನಕ್ಕಿ."

ನಕ್ಕದ್ದು ನೆನಪಾಯಿತು. ದನಿಗೆ ಮೈ ಬಂತೆಂದು ತಾನು ಹಿಗ್ಗಿದ್ದು ಅವಳ ದಮ್ಮಿಗೆ! ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ.

"ಮೊದಲು ನನ್ನ ಮ್ಯಾಲ ಕೂಡ್ರಿಸಿದ ಗೂಬಿ ಇಳಸು," ಎಂದ ಗೋವಿಂದರಾಜ.

ಯಮನೂರ ಕೈಮುಗಿದ. ಆಮೇಲೆ ಮುದುಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಐದನೇ ಫೇಡರನ್ನು ತಾನೇ ಇಳಿಸತೊಡಗಿದ.

"ಇಷ್ಟು ಸಾಕೇನ್ರಿ?"

"ಇನ್ನೊಂಚೂರು."

ಅವನಿಗೆ ಇಷ್ಟವಿರಲಿಲ್ಲ. ಇಳಿಸಿದ.