ಹೊಸ್ತಿಲ ಮೇಲೆ ನಿಂತ ಕೆಂಚಿ

ತುಂಬ ಹಿಂದಿನ ಕಾಲ. ಬಿಳಿಗುಡ್ಡ ಅಂತ ಒಂದು ರಾಜ್ಯ. ಅಲ್ಲಿನ ಜನ ಕಲ್ಲು ಸುಟ್ಟು ಸುಣ್ಣ ಮಾಡುತ್ತಿದ್ದರು. ಅಲ್ಲಿ ಒಬ್ಬ ರಾಜ ಇದ್ದ. ಆದರೆ ರಾಜನ ಮಾತು ನಡೆಯುತ್ತಿರಲಿಲ್ಲ. ನಡೆಯುತ್ತಿದ್ದದ್ದು ಬೂದಿಗಣ್ಣನ ಮಾತು.

ಬೂದಿಗಣ್ಣ ಮಾಂತ್ರಿಕ. ಅವನ ಕಣ್ಣಲ್ಲಿ ಕಪ್ಪು ಇರಲಿಲ್ಲ. ಬರೀ ಬೂದಿ. ಸತ್ತವರನ್ನು ಎಬ್ಬಿಸುವ ವಿದ್ಯೆ ಅವನಿಗೆ ಗೊತ್ತಿತ್ತು. ಅದಕ್ಕೆ ಅವನು ಚಿನ್ನ ಕೇಳುತ್ತಿರಲಿಲ್ಲ. ಮನೆಯ ಮಗುವಿನ ನೆರಳು ಕೇಳುತ್ತಿದ್ದ. ಹೆತ್ತವರು ಅವನೆದುರು ನಿಂತು ‘ಕೊಟ್ಟೆ’ ಅನ್ನಬೇಕು. ಆಮೇಲೆ ಮಗುವನ್ನು ತಂದು ನಿಲ್ಲಿಸಬೇಕು. ಬೂದಿಗಣ್ಣ ಅದರ ನೆರಳನ್ನು ನೆಲದಿಂದ ಸುಲಿದು, ಬಟ್ಟೆ ಮಡಿಚಿದ ಹಾಗೆ ಮಡಿಚಿ, ನುಂಗುತ್ತಿದ್ದ. ಅವನ ವಿದ್ಯೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಹೆತ್ತವರ ಮಾತೇ ಮಗುವಿನ ಮಾತು. ಮಗುವನ್ನು ಯಾರೂ ಕೇಳುತ್ತಿರಲಿಲ್ಲ.

ಆ ಊರಲ್ಲಿ ಬಿಲ್ಲಯ್ಯ ಅಂತ ಒಬ್ಬ ಸುಣ್ಣ ಸುಡುವವ. ಅವನ ಹೆಂಡತಿ ಈರವ್ವ. ಮಗಳು ಕೆಂಚಿ. ಇನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ, ಅಷ್ಟು ಚಿಕ್ಕವಳು.

ಈರವ್ವ ಜ್ವರದಲ್ಲಿ ಸತ್ತಳು.

ಬಿಲ್ಲಯ್ಯ ಅವಳ ಚಾಪೆ ಸುತ್ತಿಡಲಿಲ್ಲ. ಅನ್ನ ಮಾಡಿದರೆ ಮೂರು ಜನಕ್ಕೆ ಮಾಡುತ್ತಿದ್ದ. ಮಿಕ್ಕಿದ ಅನ್ನ ನೋಡಿ ಕೂತುಬಿಡುತ್ತಿದ್ದ. ಸುಣ್ಣದ ಗೂಡು ಆರಿಹೋಯಿತು. ಯಾರಾದರೂ ಮಾತಾಡಿಸಿದರೆ ಹೂಂ ಅನ್ನುತ್ತಿದ್ದ. ಅಷ್ಟೇ.

ಒಂದು ದಿನ ಅವನು ಎದ್ದು ಬೂದಿಗಣ್ಣನಿದ್ದ ಗುಡ್ಡದ ಕಡೆ ಹೋದ. ವಾಪಸು ಬಂದಾಗ ಮುಖದಲ್ಲಿ ಬೆಳಕಿತ್ತು. ಮಗಳನ್ನು ಹತ್ತಿರ ಕೂರಿಸಿಕೊಂಡು ತಲೆ ಬಾಚಿದ.

“ನಿಮ್ಮವ್ವ ಬತ್ತಾಳೆ ಕಣೇ. ನಾಳೆನೇ ಬತ್ತಾಳೆ.”

ಕೆಂಚಿಗೆ ಅರ್ಥವಾಯಿತು.

“ಕೊಟ್ಟೆ ಅಂದ್ಯಾ ಅಪ್ಪ?”

“ನಿನಗೇನೂ ನೋಯಕಿಲ್ಲ. ಕೇಳ್ಕೊಂಡೇ ಬಂದಿವ್ನಿ. ಒಂಚೂರೂ ನೋಯಕಿಲ್ಲ.”

“ಪಕ್ಕದ ಮನೆ ದ್ಯಾವ ಹೆಂಗವ್ನೆ ಗೊತ್ತಾ? ಮೂತಿ ಮೇಲೆ ನೊಣ ಕೂತ್ರೂ ಓಡ್ಸಕಿಲ್ಲ. ಕೂರ್ಸಿದ ಕಡೆ ಕೂತಿರ್ತಾನೆ.”

“ಅವರಜ್ಜಿ ಬಂದ್ಲಲ್ಲ!”

“ಬಂದು ಏನಂತಾಳೆ? ‘ನೀರು ಕಾಯ್ತಾ? ನೀರು ಕಾಯ್ತಾ?’ ದಿನಾ ಅದೊಂದೇ ಮಾತು. ಅದು ಅಜ್ಜಿ ಅಲ್ಲ ಅಪ್ಪ.”

ಬಿಲ್ಲಯ್ಯ ಬಾಚಣಿಗೆ ಕೆಳಗಿಟ್ಟ.

“ನನಗೆ ಅಷ್ಟಾದ್ರೂ ಸಾಕು,” ಅಂದ.

ಬೆಳಿಗ್ಗೆ ಅಪ್ಪ ಸ್ನಾನಕ್ಕೆ ನೀರು ಸೇದುತ್ತಿದ್ದಾಗ ಕೆಂಚಿ ಹಿತ್ತಲಿನಿಂದ ಓಡಿದಳು.

ಹೊಳೆಯ ಆಚೆ ತಂಪುಸೀಮೆ ಅಂತ ಬೇರೆ ರಾಜ್ಯ. ಅದಕ್ಕೆ ಪದುಮವ್ವೆ ರಾಣಿ. ಅಲ್ಲಿ ಆಸರೆ ಕೇಳಿದವರನ್ನು ಕಾಯುತ್ತಾರೆ ಅಂತ ಸುಣ್ಣದ ಗಾಡಿಯವರು ಹೇಳುವುದನ್ನು ಕೆಂಚಿ ಕೇಳಿದ್ದಳು. ಹೊಳೆದಂಡೆಯಲ್ಲಿ ಒಂದು ಕಲ್ಲಿನ ಬಾಗಿಲು ಇದೆ, ಅದರೊಳಗೆ ಹೋಗಬೇಕು ಅಂತ ಅವರು ಹೇಳಿದ್ದರು. ಉಳಿದದ್ದನ್ನು ಹೇಳಿರಲಿಲ್ಲ.

ಆಳದ ನೀರು. ಕೆಂಚಿ ಮುಳುಗಿದಳು, ಎದ್ದಳು, ನೀರು ಕುಡಿದಳು, ದಾಟಿದಳು. ಬಾಗಿಲು ಕಂಡಿತು. ಗೋಡೆ ಇಲ್ಲ, ಕದ ಇಲ್ಲ, ಬರೀ ಚೌಕಟ್ಟು. ಕೆಳಗೆ ಅಗಲವಾದ ಹೊಸ್ತಿಲು. ಕೆಂಚಿ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಲಂಗ ಎತ್ತಿಕೊಂಡು, ಕಾಲು ತಾಗದ ಹಾಗೆ ಉದ್ದಕ್ಕೆ ಹೆಜ್ಜೆ ಇಟ್ಟು, ಒಳಗೆ ಬಂದಳು.

“ಅಯ್ಯಯ್ಯೋ! ದಾಟೇಬಿಟ್ಯಲ್ಲೇ ಹುಡುಗಿ!”

ಹೀಗೆ ಕೂಗಿದವಳು ಬಾಗಿಲು ಕಾಯುವ ದೊಡ್ಡಬೋರಿ. ಬಾಯಿತುಂಬ ಎಲೆಅಡಿಕೆ. ಕೈಯಲ್ಲಿ ದೊಣ್ಣೆ.

“ಹೊಸ್ತಿಲ ಮೇಲೆ ನಿಂತು ಕೇಳ್ಬೇಕು ಕಣೇ! ಹಾರಿ ಬಂದ್ರೆ ಹೆಂಗೆ?”

“ಹೊಸ್ತಿಲು ತುಳೀಬಾರ್ದು ಅಂತ ನಮ್ಮವ್ವ ಹೇಳಿತ್ತು,” ಅಂದಳು ಕೆಂಚಿ. ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

“ಎಲ್ಲರ ಅವ್ವಂದಿರೂ ಅದನ್ನೇ ಹೇಳೋದು. ನಿಮ್ಮವ್ವ ಚೆನ್ನಾಗೇ ಬೆಳೆಸವ್ಳೆ. ಈಗ ಅದೇ ಕುತ್ತಿಗೆಗೆ ಬಂತಲ್ಲ!”

ಅಷ್ಟರಲ್ಲಿ ರಾಣಿ ಬಂದಳು. ದಿನಾ ಬೆಳಿಗ್ಗೆ ಅವಳು ಬಾಗಿಲ ಹತ್ತಿರ ಬಂದು ಕೂರುವುದು ವಾಡಿಕೆ. ಜೊತೆಗೆ ಮುದಿ ಮಂತ್ರಿ ತಿಪ್ಪರಸ. ಕೆಂಚಿ ನಡೆದದ್ದೆಲ್ಲ ಹೇಳಿದಳು. ಬೇಗ ಬೇಗ ಹೇಳಿದಳು. ಮಧ್ಯೆ ಮಧ್ಯೆ ಹೊಳೆಯ ಕಡೆ ನೋಡುತ್ತಿದ್ದಳು.

ಮಂತ್ರಿ ತಲೆ ಅಲ್ಲಾಡಿಸಿದ.

“ಇವಳು ಹೊಸ್ತಿಲ ಮೇಲೆ ನಿಲ್ಲಲಿಲ್ಲ. ಹಾಗಾಗಿ ಆಸರೆ ಕೇಳಿದವಳಲ್ಲ, ದಾರಿ ತಪ್ಪಿದ ಮಗು. ದಾರಿ ತಪ್ಪಿದ ಮಗುವನ್ನು ತಂದೆ ಕೈಗೆ ಒಪ್ಪಿಸಬೇಕು.”

“ಈಗ ನಿಲ್ತೀನಿ,” ಅಂದಳು ಕೆಂಚಿ.

“ಒಳಗಿನಿಂದ ಹತ್ತುವ ಹಾಗಿಲ್ಲಮ್ಮ. ಹೊರಗೆ ಹೋಗಿ ಹತ್ತಬೇಕು. ಅದೂ ದೊಡ್ಡವರು. ಮಕ್ಕಳು ಇಲ್ಲಿಯವರೆಗೂ ಬಂದದ್ದು ತಾಯಿಯ ಕಂಕುಳಲ್ಲಿ. ಒಂಟಿಯಾಗಿ ಮಗು ಬರುತ್ತದೆ ಅಂತ ನಮ್ಮ ಹಿರಿಯರಿಗೆ ಹೊಳೆಯಲೇ ಇಲ್ಲ.” ಮಂತ್ರಿ ರಾಣಿಯ ಕಡೆ ತಿರುಗಿದ. “ಮಗು ತಂದೆಯ ಪಂಚೆಯ ಸೆರಗು ಇದ್ದ ಹಾಗೆ. ಪಂಚೆ ಹೋದ ಕಡೆ ಸೆರಗು ಹೋಗಬೇಕು. ಸೆರಗಿಗೆ ಬೇರೆ ಮಾತು ಎಲ್ಲಿಂದ?”

“ಪಂಚೆಗೆ ಬೆಂಕಿ ಬಿದ್ರೆ ಬುದ್ಧಿ?” ಅಂದಳು ದೊಡ್ಡಬೋರಿ.

“ನೀನು ಸುಮ್ಮನಿರೇ ಬೋರಿ.”

ರಾಣಿ ನಗಲಿಲ್ಲ. ಕೆಂಚಿಯ ಎದುರು ಕುಕ್ಕರಗಾಲಲ್ಲಿ ಕೂತಳು.

“ನಿನ್ನನ್ನು ಯಾರು ಕಳಿಸಿದರು?”

“ಯಾರೂ ಕಳಿಸಿಲ್ಲ.”

“ಅಪ್ಪ ಹೊಡೀತಾನಾ?”

“ಇಲ್ಲ. ಒಂದ್ಸಲನೂ ಹೊಡೆದಿಲ್ಲ.”

“ಮತ್ತೆ ಯಾಕೆ ಬಂದೆ?”

“ಅಪ್ಪ ಒಳ್ಳೆಯವ್ನು. ಆದ್ರೆ ವಾಪಸು ಹೋದ್ರೆ ನಾನು ಇರಕಿಲ್ಲ. ಕೂತಿರ್ತೀನಿ, ಆದ್ರೆ ಇರಕಿಲ್ಲ.”

ರಾಣಿ ತಲೆ ಎತ್ತಿ ನೋಡಿದಳು. ಹೊಳೆಯ ಆಚೆ ಧೂಳೆದ್ದಿತ್ತು.

“ಮಂತ್ರಿಗಳೇ,” ಅಂದಳು, “ಮಗುವಿಗೆ ಏನು ಒಳ್ಳೆಯದು ಅಂತ ತಂದೆ ಹೇಳಬೇಕು. ನಾನೂ ಒಪ್ಪುತ್ತೀನಿ. ಆದರೆ ಇವಳು ಹೆದರಿರುವುದು ತಂದೆ ಕರೆದುಕೊಂಡು ಹೋಗುವ ಜಾಗಕ್ಕೇ. ಆ ಹೆದರಿಕೆ ಇವಳದು. ಅದನ್ನು ತಂದೆಯ ಬಾಯಿಂದ ಕೇಳಿ ತಿಳಿಯಲು ಆಗುತ್ತದಾ? ಇವಳು ನಿಲ್ಲಲಿ. ತಂದೆಗೆ ಬೇಡವಾದರೆ ಎದುರು ನಿಂತು ಹೇಳಲಿ. ಅವನಿಗೂ ಒಂದು ಕೂಗು ಉಂಟು.”

ಆ ಬಾಗಿಲಿನ ಪದ್ಧತಿ ಹೀಗಿತ್ತು. ಕೇಳುವವರು ಹೊಸ್ತಿಲ ಮೇಲೆ, ಅಟ್ಟಿಕೊಂಡು ಬಂದವರಿಗೆ ಮುಖ ಮಾಡಿ ನಿಲ್ಲಬೇಕು. ಅಟ್ಟಿಕೊಂಡು ಬಂದವರು ಮೂರು ಸಲ ಕೂಗಬಹುದು, ಮುಟ್ಟುವ ಹಾಗಿಲ್ಲ. ಹೊರಗೆ ಕಾಲಿಟ್ಟರೆ ಅವರ ಪಾಲು. ಮೂರು ಕೂಗೂ ಮುಗಿದ ಮೇಲೆ ಒಳಗೆ ಕಾಲಿಟ್ಟರೆ ಸೀಮೆಯ ಪಾಲು. ಅದಕ್ಕೆ ಮೊದಲೇ ಒಳಗೆ ಕಾಲಿಟ್ಟರೆ ಆಸರೆ ಇಲ್ಲ. ಒಳಗಿನವರು ಕೈ ಹಿಡಿಯುವ ಹಾಗಿಲ್ಲ, ಮಾತು ಹೇಳಿಕೊಡುವ ಹಾಗಿಲ್ಲ.

ಕೆಂಚಿ ಹೊರಗೆ ಹೋದಳು.

ಆಗಲೇ ಹೊಳೆಯಲ್ಲಿ ಬೂದಿಗಣ್ಣನ ನಾಯಿ ಈಜುತ್ತಿತ್ತು. ಎತ್ತಿನಷ್ಟು ಎತ್ತರದ ನಾಯಿ. ಹಿತ್ತಾಳೆಯ ಬಾಯಿ. ಅದು ಈಜಿದ ಕಡೆ ನೀರು ಕುದಿಯುತ್ತಿತ್ತು. ಕೆಂಚಿ ತಿರುಗಿ ಬಾಗಿಲ ಕಡೆ ಓಡಿದಳು. ಹೊಸ್ತಿಲ ಹತ್ತಿರ ಬಂದಾಗ ಕಾಲು ತಡೆಯಿತು. ಅವ್ವನ ಮಾತು. ನಾಯಿ ದಡ ಹತ್ತಿತು. ಮೈ ಕೊಡವಿತು. ಹಾರಿತು.

“ತುಳಿಯೇ! ತುಳಿ! ಪಾಪ ಬಂದ್ರೆ ನನಗಿರ್ಲಿ!” ದೊಡ್ಡಬೋರಿ ಕಿರುಚಿದಳು.

“ಹೇಳಿಕೊಡಬೇಡ!” ಅಂದ ಮಂತ್ರಿ.

ಕೆಂಚಿ ಕಣ್ಣು ಮುಚ್ಚಿ ಹತ್ತಿದಳು. ತಿರುಗಿ ನಿಂತಳು. ನಾಯಿಯ ಹಲ್ಲು ಅವಳ ಮೂಗಿನ ಮುಂದೆ ಕಟ್ಟಿಹಾಕಿದ ಹಾಗೆ ನಿಂತಿತು. ಮೊದಲನೇ ಕೂಗು ನಾಯಿಯದು.

“ಇಳಿ! ಇಳಿಯದಿದ್ದರೆ ನಿನ್ನೂರಿನ ಒಂದೊಂದು ಮನೆಯನ್ನೂ ಅಗಿಯುತ್ತೇನೆ.”

ಕೆಂಚಿಗೆ ಅಳು ಬಂತು. ಅತ್ತಳು. ಆದರೆ ಇಳಿಯಲಿಲ್ಲ. ನಾಯಿ ಗುರ್ ಅಂದು ಪಕ್ಕಕ್ಕೆ ಹೋಯಿತು.

ಎರಡನೇ ಕೂಗು ಬೂದಿಗಣ್ಣನದು. ಅವನು ನೀರಿನ ಮೇಲೆ ನಡೆದುಕೊಂಡು ಬಂದ. ಬಿಸಿಲಲ್ಲಿ ಅವನ ಕಾಲ ಕೆಳಗೆ ತುಂಬ ನೆರಳುಗಳು. ಎಲ್ಲ ಚಿಕ್ಕ ಚಿಕ್ಕವು. ಅವನು ಮೆತ್ತಗೆ ಮಾತಾಡಿದ.

“ಜಾಣೆ ನೀನು. ಹೋಗು, ಒಳಗೆ ಹೋಗು. ಯಾರು ಬೇಡ ಅಂದರು? ಆದರೆ ಅಲ್ಲಿ ನಿನ್ನ ತಲೆ ಬಾಚುವವರು ಯಾರು? ಜ್ವರ ಬಂದರೆ ಹಣೆ ಮುಟ್ಟುವವರು ಯಾರು? ಇವರಿಗೆ ನೀನು ಯಾರು? ನಾಳೆ ಇವರು ಮರೆಯುತ್ತಾರೆ.”

ಕೆಂಚಿ ತಿರುಗಿ ರಾಣಿಯನ್ನು ನೋಡಲು ಹೋದಳು. ಕಾಲು ಜಾರಿತು. ಹಿಮ್ಮಡಿ ಹೊಸ್ತಿಲ ಅಂಚಿನಲ್ಲಿ ತೂಗಿತು. ದೊಡ್ಡಬೋರಿ ಎಲೆಅಡಿಕೆ ನುಂಗಿಬಿಟ್ಟಳು. ಕೆಂಚಿ ಚೌಕಟ್ಟು ಹಿಡಿದು ನಿಂತಳು.

“ಮರೆತ್ರೆ ಮರೀಲಿ,” ಅಂದಳು. “ನಾನು ನಾನಾಗಿ ಇರ್ತೀನಿ.”

ಬೂದಿಗಣ್ಣ ನಕ್ಕ. “ಇನ್ನೊಂದು ಕೂಗು ಇದೆ,” ಅಂದು ಪಕ್ಕಕ್ಕೆ ಸರಿದ.

ಬಿಲ್ಲಯ್ಯ ನೀರಿನಿಂದ ಮೇಲೆ ಬಂದ. ಅವನಿಗೆ ಈಜು ಸರಿಯಾಗಿ ಬರುತ್ತಿರಲಿಲ್ಲ. ಕೆಮ್ಮುತ್ತಿದ್ದ. ಸುಣ್ಣ ತಿಂದುಹಾಕಿದ್ದ ಬೆರಳುಗಳಲ್ಲಿ ಒಂದು ಬಟ್ಟೆಯ ಗಂಟು ಹಿಡಿದಿದ್ದ. ಅದರಲ್ಲಿ ರೊಟ್ಟಿ. ಅರ್ಧ ನೆನೆದಿತ್ತು.

“ಏನೂ ತಿನ್ನದೆ ಬಂದ್ಬಿಟ್ಯಲ್ಲ ಮಗಾ,” ಅಂದ.

ನಾಯಿಗೆ ಇಳಿಯದವಳು, ಬೂದಿಗಣ್ಣನಿಗೆ ಇಳಿಯದವಳು, ಈಗ ಚೌಕಟ್ಟಿನಿಂದ ಕೈ ಬಿಟ್ಟಳು.

“ಕೆಂಚಿ. ನಾನು ಬೈಯಕಿಲ್ಲ. ಬಾ. ಮನೇಲಿ ಒಬ್ನೇ ಇರಕ್ಕಾಗಲ್ಲ ಕಣೇ. ಗೋಡೆ ನೋಡಿದ್ರೂ ಅವಳೇ, ಒಲೆ ನೋಡಿದ್ರೂ ಅವಳೇ. ನಿನಗೆ ನಿಮ್ಮವ್ವ ಬೇಡ್ವಾ?”

“ಬೇಕು.”

“ಹಂಗಾದ್ರೆ ಬಾ.”

ಕೆಂಚಿ ಬಲಗಾಲು ಎತ್ತಿದಳು. ಮುಂದಕ್ಕೆ ಎತ್ತಿದಳು. ಬೂದಿಗಣ್ಣ ಬಾಯಿ ತೆರೆದ. ಕೆಂಚಿಯ ನೆರಳಿನ ತುದಿ ನೆಲದಿಂದ ಏಳತೊಡಗಿತು.

ಕಾಲು ಗಾಳಿಯಲ್ಲೇ ಇತ್ತು. ಕೆಂಚಿ ಕೇಳಿದಳು.

“ಅಪ್ಪ. ಅವ್ವ ಎದ್ದು ಕೂತು, ಕೆಂಚಿ ಎಲ್ಲಿ ಅಂತ ಕೇಳಿದ್ರೆ, ಏನಂತೀಯ?”

ಬಿಲ್ಲಯ್ಯ ಬಾಯಿ ತೆರೆದ. ಅವನು ರೊಟ್ಟಿಯ ಗಂಟು ನೋಡಿದ. ಮಗಳನ್ನು ನೋಡಿದ. ಉತ್ತರ ಸಿಗಲಿಲ್ಲ.

ಕೆಂಚಿ ಕಾಲನ್ನು ಹಿಂದಕ್ಕೆ ತಂದಳು. ತಿರುಗಿದಳು. ಒಳಗೆ ಇಟ್ಟಳು.

“ಆಯ್ತು! ಆಯ್ತು!” ಅಂದಳು ದೊಡ್ಡಬೋರಿ.

“ಆಗಲಿಲ್ಲ!” ಬೂದಿಗಣ್ಣ ಅಬ್ಬರಿಸಿದ. “ತಂದೆ ಕೊಟ್ಟಿದ್ದಾನೆ! ನನ್ನೆದುರು ನಿಂತು ಕೊಟ್ಟೆ ಅಂದಿದ್ದಾನೆ! ಅವನ ಮಾತೇ ಅವಳ ಮಾತು!”

ರಾಣಿ ಎದ್ದು ನಿಂತಳು.

“ಕೊಡೋದಕ್ಕೆ ಇವಳು ಚೊಂಬಲ್ಲ, ತಂಬಿಗೆಯಲ್ಲ. ಇವಳ ಕಾಲು ಇವಳದು. ಇವಳ ಭಯ ಇವಳದು. ಇವಳು ಕೇಳಿದಳು, ನಾನು ಕೊಟ್ಟೆ. ಇವಳು ನನ್ನ ಸೀಮೆಯವಳು. ಇವತ್ತಿನಿಂದ ಒಂಟಿ ಮಗು ಬಂದು ನಿಂತರೂ ಈ ಬಾಗಿಲು ಬಾಗಿಲೇ.”

ಬೂದಿಗಣ್ಣನ ವಿದ್ಯೆ ನಿಂತಿದ್ದ ಮಾತು ಅಲ್ಲಿ ಮುರಿಯಿತು. ಅವನಿಗೆ ಬಿಕ್ಕಳಿಕೆ ಬಂತು. ಒಂದು ನೆರಳು ಬಾಯಿಂದ ಹೊರಗೆ ಬಿತ್ತು. ಅದು ಎದ್ದು ಓಡಿತು. ಇನ್ನೊಂದು ಬಿತ್ತು. ಮತ್ತೊಂದು. ಮಕ್ಕಳ ನೆರಳುಗಳು ಶಾಲೆ ಬಿಟ್ಟ ಹಾಗೆ ಹೊಳೆ ದಾಟಿ ಓಡಿದವು. ಹೋದ ಹಾಗೆಲ್ಲ ಬೂದಿಗಣ್ಣ ಸೊರಗಿದ. ಕೊನೆಗೆ ಒಂದು ಹಿಡಿ ಬೂದಿ ಉಳಿಯಿತು. ಗಾಳಿ ಅದನ್ನೂ ತೆಗೆದುಕೊಂಡು ಹೋಯಿತು. ಹಿತ್ತಾಳೆಬಾಯಿಯ ನಾಯಿ ಬಡಕಲು ಬೀದಿನಾಯಿಯಾಯಿತು. ಬಾಲ ಆಡಿಸುತ್ತ ದೊಡ್ಡಬೋರಿಯ ಹತ್ತಿರ ಹೋಯಿತು.

“ಊರು ಅಗೀತೀಯೇನೋ ಬಡ್ಡಿಮಗನೆ?” ಅಂದಳು ಅವಳು.

ಬಿಲ್ಲಯ್ಯ ಹೊಸ್ತಿಲ ಮುಂದೆ ಕುಸಿದು ಕೂತಿದ್ದ. ಅವನು ಮಂತ್ರಿಯನ್ನು ಕೇಳಿದ.

“ಬುದ್ಧಿ, ನಾನೂ ಒಳಗೆ ಬರಬೌದಾ?”

ಮಂತ್ರಿ ರಾಣಿಯನ್ನು ನೋಡಿದ. ರಾಣಿ ಕೆಂಚಿಯನ್ನು ನೋಡಿದಳು.

“ಅಟ್ಟಿಸಿಕೊಂಡು ಬಂದವಳು ಇವಳು. ಇವಳೇ ಹೇಳಬೇಕು,” ಅಂದಳು.

ಕೆಂಚಿ ತುಂಬ ಯೋಚನೆ ಮಾಡಿದಳು.

“ಇವತ್ತು ಬೇಡ ಅಪ್ಪ,” ಅಂದಳು. “ನನಗೆ ಇನ್ನೂ ಭಯ ಆಯ್ತದೆ. ಅಲ್ಲೇ ಕೂತಿರು. ಹೋಗ್ಬೇಡ.”

ಬಿಲ್ಲಯ್ಯ ತಲೆ ಆಡಿಸಿದ. ಅಲ್ಲೇ ಕೂತ.

ಬಿಳಿಗುಡ್ಡದಲ್ಲಿ ದ್ಯಾವ ಎದ್ದು ನೊಣ ಓಡಿಸಿದ. ಅವನ ಅಜ್ಜಿ ಮಾತು ನಿಲ್ಲಿಸಿ, ಮಲಗಿ, ಮಣ್ಣಿಗೆ ಹೋದಳು. ರಾಜನ ಮಾತು ಮತ್ತೆ ನಡೆಯತೊಡಗಿತು. ಈರವ್ವ ಬರಲಿಲ್ಲ. ಸತ್ತವರು ಬರುವುದಿಲ್ಲ.

ಬಿಲ್ಲಯ್ಯ ಹೊಳೆದಂಡೆಯಲ್ಲಿ ಗುಡಿಸಲು ಹಾಕಿದ. ಗೂಡು ಹಚ್ಚಿದ. ಮಗಳು ದಿನಾ ಬಾಗಿಲ ತನಕ ಬರುತ್ತಿದ್ದಳು. ಒಳಗಿನಿಂದಲೇ ಮಾತಾಡುತ್ತಿದ್ದಳು. ಒಂದು ಮಳೆಗಾಲ ಕಳೆಯಿತು. ಇನ್ನೊಂದು ಕಳೆಯಿತು. ಅವನು ಒಂದು ಸಲವೂ ‘ಬರಲಾ’ ಅಂತ ಕೇಳಲಿಲ್ಲ.

ಒಂದು ಮಧ್ಯಾಹ್ನ ಕೆಂಚಿ ಬಂದು, “ಅಪ್ಪ, ಊಟಕ್ಕೆ ಬಾ,” ಅಂದಳು.

ಅವನು ಕೈ ತೊಳೆದುಕೊಂಡು ಬಂದ. ಒಳಗೆ ಎರಡು ಎಲೆ ಹಾಕಿತ್ತು. ಇಬ್ಬರೂ ಕೂತು ಉಂಡರು. ಆವತ್ತು ಅನ್ನ ಮಿಗಲಿಲ್ಲ.